ಗಾಣ, ಪಂಪು, ಟಿಲ್ಲರ್, ಗಾಡಿ: ಡೀಸೆಲ್ ಇಂಜಿನ್ ಮೇಲೆ ಇಷ್ಟೊಂದು ಮೋಹ ಯಾಕೆ?

ನಾಲೆಬದಿ, ಪಾಂಡವಪುರ

ರಸ್ತೆ ಬದಿ ಕಬ್ಬಿನ ಹಾಲಿನ ಗಾಣಕ್ಕೂ, ನಾಲೆಯಿಂದ ನೀರೆತ್ತೋದಕ್ಕೂ ಆಗೋ ಹಾಗೆ ಒಂದು 5 ಎಚ್‌ಪಿ ಇಂಜಿನ್ ಬೇಕು. ಪೆಟ್ರೋಲಿನದು ಅಗ್ಗ, ಹಗುರ, ಹಗ್ಗ ಎಳೆದರೆ ಸ್ಟಾರ್ಟ್. ಆದರೂ ಯಾರನ್ನ ಕೇಳಿದರೂ "ಡೀಸೆಲ್ ತಗೋ, ದಮ್ ಇರ್ತದೆ" ಅಂತಾರೆ. 5 ಎಚ್‌ಪಿ ಅಂದರೆ ಎರಡೂ 5 ಎಚ್‌ಪಿನೇ ಅಲ್ವಾ? ಈ ದಮ್ ಅನ್ನೋದನ್ನ ಲೆಕ್ಕದಲ್ಲಿ ಯಾರಾದರೂ ಹೇಳ್ತೀರಾ?

ಟ್ಯಾಪೆಟ್, ಮೈಸೂರು

ಒಳ್ಳೆ ಪ್ರಶ್ನೆ, ಯಾಕಂದ್ರೆ "ದಮ್" ಅನ್ನೋ ಒಂದೇ ಮಾತಲ್ಲಿ ಮೂರು ಬೇರೆ ಬೇರೆ ವಿಷಯ ಸೇರಿಕೊಂಡಿವೆ.

ಮೊದಲನೆಯದು ಟಾರ್ಕ್. ನಿಮಿಷಕ್ಕೆ 1500 ಸುತ್ತು, ಅಂದರೆ 1500 ಆರ್‌ಪಿಎಂನಲ್ಲಿ 5 ಎಚ್‌ಪಿ (3.7 ಕಿಲೋವ್ಯಾಟ್) ಕೊಡುವ ಡೀಸೆಲ್ ಇಂಜಿನ್ನಿನ ಶಾಫ್ಟ್‌ನಲ್ಲಿ ಸುಮಾರು 23.5 ನ್ಯೂಟನ್ ಮೀಟರ್ ತಿರುಚುಬಲ ಇರುತ್ತದೆ. ಅದೇ 5 ಎಚ್‌ಪಿಯನ್ನು 3600 ಆರ್‌ಪಿಎಂನಲ್ಲಿ ಕೊಡುವ ಪೆಟ್ರೋಲ್ ಇಂಜಿನ್ನಿನಲ್ಲಿ 10ಕ್ಕಿಂತ ಸ್ವಲ್ಪ ಕಡಿಮೆ. ಜನ ಇದನ್ನ ನೋಡಿ ಡೀಸೆಲ್‌ಗೆ ಎರಡೂವರೆ ಪಟ್ಟು ಬಲ ಅಂದುಬಿಡ್ತಾರೆ. ಅದು ತಪ್ಪು. ಪುಲ್ಲಿ ದೊಡ್ಡದು ಮಾಡಿ ಗಾಣದ ವೇಗಕ್ಕೆ ಇಳಿಸಿದ ಮೇಲೆ ಎರಡೂ ಗಾಣದ ರೋಲರ್‌ಗೆ ಕೊಡೋ ಬಲ ಒಂದೇ.

ಎರಡನೆಯದು, ನಿಜವಾದ ವ್ಯತ್ಯಾಸ, ಕಾಣೋದು ಗಂಟು ಬಲಿತ ಎರಡು ಜಲ್ಲೆ ಒಟ್ಟಿಗೆ ಒಳಗೆ ಹೋದಾಗ. ಇಂಜಿನ್ ವೇಗ ತಟ್ಟನೆ ಬೀಳುತ್ತೆ. ವೇಗ ಕಾಯೋ ಗವರ್ನರಿನ ಗುಂಡುಗಳು ಒಳಕ್ಕೆ ಕುಸೀತಾವೆ, ಡೀಸೆಲ್ ಪಂಪಿನ ರ‍್ಯಾಕ್ ತೆರೆಯುತ್ತೆ, ಮುಂದಿನ ಹೊಡೆತಕ್ಕೇ ಹೆಚ್ಚು ಡೀಸೆಲ್ ಬೀಳುತ್ತೆ. ಸಿಲಿಂಡರಿನಲ್ಲಿ ಗಾಳಿ ಯಾವತ್ತೂ ತುಂಬಾ ಇರೋದರಿಂದ ಆ ಡೀಸೆಲ್ ಉರಿಯೋಕೆ ಅಡ್ಡಿಯಿಲ್ಲ. ಪೆಟ್ರೋಲಲ್ಲಿ ಥ್ರಾಟಲ್ (ಗಾಳಿ ಬಿಡೋ ಕವಾಟ) ತೆರೆದು, ಗಾಳಿ ಎಳೆದುಕೊಂಡು, ಅದರ ಜೊತೆ ಪೆಟ್ರೋಲ್ ಬರಬೇಕು. ಅಷ್ಟು ಹೊತ್ತಿಗೆ ಹಗುರ ಫ್ಲೈವೀಲ್ (ಶಾಫ್ಟಿನ ತುದಿಯ ಚಕ್ರ) ಸುಸ್ತಾಗಿರುತ್ತೆ. ನಿಧಾನಗತಿಯ ಡೀಸೆಲ್‌ನಲ್ಲಿ ಫ್ಲೈವೀಲ್ ಭಾರ. ಅರ್ಧ ಸೆಕೆಂಡಿನ ಕೊರತೆಯನ್ನ ಅದೇ ತುಂಬಿಬಿಡುತ್ತೆ. ಕಿವಿಗೆ "ದುಡು ದುಡು" ಸ್ವಲ್ಪ ಗಟ್ಟಿಯಾಗಿ ಕೇಳುತ್ತೆ, ಜಲ್ಲೆ ದಾಟುತ್ತೆ, ಮತ್ತೆ ಮೊದಲಿನ ದನಿ.

ಮೂರನೆಯದು ಇಂಧನ. ಡೀಸೆಲ್‌ನಲ್ಲಿ ಲೀಟರಿಗೆ ಸುಮಾರು 36 ಮೆಗಾಜೂಲ್ ಶಕ್ತಿ, ಪೆಟ್ರೋಲಲ್ಲಿ 32. ಅದಕ್ಕಿಂತ ದೊಡ್ಡ ಕಾರಣ ಒತ್ತಡದ ಅನುಪಾತ, ಅಂದರೆ ಸಿಲಿಂಡರಿನ ಗಾಳಿಯನ್ನ ಎಷ್ಟು ಪಟ್ಟು ಕಿರಿದಾಗಿಸಿ ಒತ್ತುತ್ತೆ ಅನ್ನೋದು. ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಕಿರ್ಲೋಸ್ಕರ್ ಎವಿ1 (80 ಮಿಮೀ ಬೋರ್, 110 ಮಿಮೀ ಸ್ಟ್ರೋಕ್, 553 ಸಿಸಿ) ತರಹದ್ದರಲ್ಲಿ ಅದು 16ರ ಮೇಲೆ. ಸಣ್ಣ ಪೆಟ್ರೋಲ್ ಇಂಜಿನ್‌ಗಳಲ್ಲಿ 8, 9. ಪೂರ್ತಿ ಲೋಡಿನಲ್ಲಿ 5 ಎಚ್‌ಪಿ ಡೀಸೆಲ್ ಗಂಟೆಗೆ 1.1 ಲೀಟರ್ ಆಸುಪಾಸು ಕುಡಿಯುತ್ತೆ. ಪೆಟ್ರೋಲ್ 1.8 ದಾಟುತ್ತೆ. ಅರ್ಧ ಲೋಡಿಗೆ ಬಂದರೆ ಅಂತರ ಇನ್ನೂ ಹೆಚ್ಚು, ಯಾಕಂದ್ರೆ ಪೆಟ್ರೋಲ್ ಇಂಜಿನ್ ಅರ್ಧ ಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಎಳೆಯೋಕೇ ಶಕ್ತಿ ಕಳೆಯುತ್ತೆ.

ಗಾಣದಮನೆ, ಮಂಡ್ಯ

ಟ್ಯಾಪೆಟ್ ಸಾರ್ ಲೆಕ್ಕ ಸರಿಯಾಗೈತೆ. ಒಂದು ಸೇರಿಸ್ತೀನಿ. ಡೀಸೆಲ್ ಇಂಜಿನ್ ಲೋಡ್ ಎಷ್ಟೈತೆ ಅಂತ ತಾನೇ ಹೇಳ್ತದೆ ಕಣಣ್ಣ. ಸೈಲೆನ್ಸರ್ ಬಾಯಿ ನೋಡ್ಕೊಂಡು ಕಬ್ಬು ಕೊಡಿ. ತೆಳು ಬೂದಿ ಬಣ್ಣ ಇದ್ರೆ ಸರಿ. ಕರ‍್ರಗೆ ಬಂತೋ, ಒಂದು ಜಲ್ಲೆ ಕಮ್ಮಿ ಮಾಡಿ. ಕಪ್ಪು ಹೊಗೆ ಅಂದ್ರೆ ಉರೀದೇ ಓಗ್ತಿರೋ ನಿಮ್ಮ ದುಡ್ಡು.

ಇನ್ನೊಂದು, ಇದು ಹಾಲಿನ ಗಾಣಕ್ಕೆ ಹೇಳ್ತಿರೋದು. ಆಲೆಮನೆ ಗಾಣಕ್ಕೆ 5 ಎಚ್‌ಪಿ ಯಾವ ಮೂಲೆಗೂ ಸಾಲಲ್ಲ.

ಕಾವೇರಿಸೀಮೆ, ಶ್ರೀರಂಗಪಟ್ಟಣ

ಎಲ್ಲರೂ ಡೀಸೆಲ್ ಹಾಡು ಹಾಡ್ತಿದ್ದೀರಿ, ಪಂಪಿನ ಮಟ್ಟಿಗೆ ನನ್ನದು ಬೇರೆ ಮಾತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. 5 ಎಚ್‌ಪಿ ಡೀಸೆಲ್ ಪಂಪು ಗಂಟೆಗೆ 1.1 ಲೀಟರ್ ಅಂದರೆ, ಲೀಟರಿಗೆ ₹90ರ ಲೆಕ್ಕ ಹಾಕಿದರೂ ₹100. ದಿನಕ್ಕೆ ಆರು ಗಂಟೆ, ತಿಂಗಳಿಗೆ ಇಪ್ಪತ್ತು ದಿನ ಓಡಿಸಿದರೆ ₹12,000 ನಾಲೆಗೆ ಸುರಿದ ಹಾಗೆ. ಮೋಟರಿಗೆ ಆಯಿಲ್ ಬೇಡ, ಫಿಲ್ಟರ್ ಬೇಡ, ಹ್ಯಾಂಡಲ್ ಬೇಡ. ಸಂಪರ್ಕ ಸಿಗೋ ಜಮೀನಿಗೆ ಡೀಸೆಲ್ ಹಾಕೋದು ಬರೀ ಅಭ್ಯಾಸಬಲ.

ಗಾಣದಮನೆ, ಮಂಡ್ಯ

ಅಕ್ಕ, ಸಂಪರ್ಕ ಇರೋ ಕಡೆ ನಿಮ್ಮ ಮಾತೇ ಸರಿ, ಜಗಳ ಇಲ್ಲ. ಆದ್ರೆ ತ್ರೀಫೇಸ್ ಕೊಡೋ ದಿನದ ಏಳು ಗಂಟೇಲಿ ಅರ್ಧಕ್ಕರ್ಧ ರಾತ್ರಿ ಹೊತ್ತೇ ಬತ್ತದೆ. ನಾಟಿ ಹಾಕಿದ ಗದ್ದೆ ಬಿರುಕು ಬಿಡೋವಾಗ ಟ್ರಾನ್ಸ್‌ಫಾರ್ಮರ್ ಸುಟ್ಟೋದ್ರೆ? ಮೋಟರ್ ಇಟ್ಕೊಂಡಿರೋನೂ ಅದಕ್ಕೇ ಒಂದು ಇಂಜಿನ್ನ ಮೂಲೇಲಿ ಮುಚ್ಚಿ ಇಟ್ಟಿರ್ತಾನೆ.

ಟ್ಯಾಪೆಟ್, ಮೈಸೂರು

ಪಂಪಿನ ಲೆಕ್ಕವನ್ನೂ ಹೇಳಿಬಿಡ್ತೀನಿ. ಸೆಕೆಂಡಿಗೆ ಎಷ್ಟು ಲೀಟರ್, ಒಟ್ಟು ಎಷ್ಟು ಮೀಟರ್ ಎತ್ತರ, ಎರಡನ್ನೂ ಗುಣಿಸಿ 75ರಿಂದ ಭಾಗಿಸಿದರೆ ನೀರಿಗೆ ಬೇಕಾದ ಎಚ್‌ಪಿ. 12 ಲೀಟರ್, 15 ಮೀಟರ್ ಅಂದರೆ 2.4. ಪಂಪಿನ ದಕ್ಷತೆ 60 ಪರ್ಸೆಂಟ್ ಅಂತಿಟ್ಟುಕೊಂಡರೆ ಇಂಜಿನ್‌ಗೆ 4 ಎಚ್‌ಪಿ ಹೊರೆ. 5 ಎಚ್‌ಪಿ ಇಂಜಿನ್ನಿಗೆ ಇದು ಸರಿಯಾದ ಜಾಗ. ಎತ್ತರ ಅಳೆಯುವಾಗ ಪೈಪಿನ ಘರ್ಷಣೆ ಸೇರಿಸೋದು ಮರೀಬೇಡಿ. ಪಂಪು ನೀರಿನ ಮಟ್ಟದಿಂದ 6 ಮೀಟರಿಗಿಂತ ಮೇಲೆ ಬೇಡ.

ಎಂಜಿನ್ ತಣ್ಣಗಿಡೋಕೆ ಪಂಪಿನ ನೀರನ್ನೇ ಸಣ್ಣ ಪೈಪಲ್ಲಿ ಸಿಲಿಂಡರ್ ಸುತ್ತಲಿನ ಜಾಕೆಟ್‌ಗೆ ಬಿಡ್ತಾರಲ್ಲ, ಅಲ್ಲಿ ಬಹಳ ಜನ ಮಾಡೋ ತಪ್ಪು ಒಂದಿದೆ: ವಾಲ್ವ್ ಪೂರ್ತಿ ತೆರೆದು "ತಂಪಾಗಿರಲಿ ಪಾಪ" ಅಂತ ಬಿಡೋದು. ನಾಲೆ ನೀರು ತಣ್ಣಗಿರುತ್ತೆ, ಲೈನರ್ (ಸಿಲಿಂಡರಿನ ಒಳಗೋಡೆ) ಬಿಸಿಯಾಗೋದೇ ಇಲ್ಲ, ಡೀಸೆಲ್ ಪೂರ್ತಿ ಉರಿಯಲ್ಲ, ಅರೆ ಉರಿದದ್ದು ಗೋಡೆ ಮೇಲಿನ ಆಯಿಲ್ ತೊಳೆದು ಪಿಸ್ಟನ್ ರಿಂಗ್ ಸವೆಸುತ್ತೆ. ಜಾಕೆಟ್‌ನಿಂದ ಹೊರಬರುವ ನೀರು 60ರಿಂದ 70 ಡಿಗ್ರಿ ಇರಬೇಕು. ಪೈಪ್ ಮುಟ್ಟಿದ ಕೈ ತಾನಾಗೇ ಹಿಂದಕ್ಕೆ ಬರಬೇಕು, ಅಷ್ಟು ಬಿಸಿ. ಅಷ್ಟಾಗೋವರೆಗೆ ವಾಲ್ವ್ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬನ್ನಿ.

ನಾಲೆಬದಿ, ಪಾಂಡವಪುರ

ಇದು ಗೊತ್ತೇ ಇರಲಿಲ್ಲ. ಹಾಗಾದರೆ ಹೈಸ್ಪೀಡ್ ಸಣ್ಣ ಡೀಸೆಲ್ ಬರ್ತಾವಲ್ಲ, ಗಾಳಿಯಲ್ಲೇ ತಣ್ಣಗಾಗೋವು, ಅವು ಹೇಗೆ?

ಕೆಸರುಗದ್ದೆ, ತಿ. ನರಸೀಪುರ

178 ಎಫ್, 186 ಎಫ್ ಅಂತ ಹೆಸರಲ್ಲಿ ಬರೋವು. 178 ಎಫ್ ಅಂದರೆ 78 ಮಿಮೀ ಬೋರ್, 296 ಸಿಸಿ. 3000 ಆರ್‌ಪಿಎಂನಲ್ಲಿ 5 ಎಚ್‌ಪಿ ಸಿಗುತ್ತೆ. ತೂಕ 33 ಕೆಜಿ ಆಸುಪಾಸು, ಒಬ್ಬರೇ ಎತ್ತಬಹುದು. ವೀಡರ್, ಸ್ಪ್ರೇಯರ್, ಸಣ್ಣ ಜನರೇಟರ್‌ಗೆ ಒಳ್ಳೆಯದು. ಆದರೆ ಆಯಿಲ್ ಹಿಡಿಯೋದೇ 1.1 ಲೀಟರ್. ಮೊದಲ 20 ಗಂಟೆಗೆ ಬದಲಾಯಿಸಿ, ಆಮೇಲೆ 100 ಗಂಟೆಗೊಮ್ಮೆ. ಎವಿ1ಗೆ ಕೊಡೋ ಹಾಗೆ "ಮುಂದಿನ ವಾರ ನೋಡೋಣ" ಅಂದರೆ ಬೇರಿಂಗ್ ಹೋಗುತ್ತೆ. ಸಿಲಿಂಡರಿನ ರೆಕ್ಕೆಗಳ ಸಂದಿಯಲ್ಲಿ ಹುಲ್ಲು, ಧೂಳು, ಕಬ್ಬಿನ ಸಿಪ್ಪೆ ತುಂಬಿದರೆ ತಲೆ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಹಾಲಿನ ಗಾಣದ ಪಕ್ಕ ಇದೇ ದೊಡ್ಡ ಕಾಟ, ಸಕ್ಕರೆ ಅಂಟಿಗೆ ಧೂಳು ಮೆತ್ತಿಕೊಂಡು ಗಟ್ಟಿಯಾಗುತ್ತೆ.

ಇಡೀ ದಿನ ಒಂದೇ ಕಡೆ ಕೂತು ದುಡಿಯೋಕೆ 1500ರದ್ದೇ. ಹೊತ್ತುಕೊಂಡು ತಿರುಗೋಕೆ 3000ದ್ದು. ಲಿಸ್ಟರ್ ಮಾದರಿಯ ಎರಡು ಫ್ಲೈವೀಲಿನದು 650 ಆರ್‌ಪಿಎಂನಲ್ಲಿ 6 ಎಚ್‌ಪಿ. ಮೂಲ ಇಂಗ್ಲೆಂಡಿನ ಡರ್ಸ್ಲಿಯದು, ನಮಗೆ ಸಿಗೋವು ರಾಜ್‌ಕೋಟ್‌ ಕಡೆಯವು. ಅದನ್ನ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸಿದರೆ ಮಾತ್ರ ಸರಿ. ಇಲ್ಲದಿದ್ದರೆ ಇಂಜಿನ್ನೇ ನಡೆದುಕೊಂಡು ಹೊರಡುತ್ತೆ.

ಬಿಳಿಹೊಗೆ, ಮದ್ದೂರು

ಡೀಸೆಲ್ ಇಷ್ಟ ಆಗೋಕೆ ನನ್ನ ಪ್ರಕಾರ ದೊಡ್ಡ ಕಾರಣ ಯಾರೂ ಹೇಳಿಲ್ಲ. ಪ್ಲಗ್ ಇಲ್ಲ, ಕಾಯಿಲ್ ಇಲ್ಲ, ಕಾರ್ಬರೇಟರ್ ಇಲ್ಲ. ಗಾಳಿ ಒತ್ತಬೇಕು, ಸರಿಯಾದ ಹೊತ್ತಿಗೆ ಡೀಸೆಲ್ ಸಿಂಪಡಿಸಬೇಕು, ಅಷ್ಟೇ. ಸ್ಟಾರ್ಟ್ ಆಗಲಿಲ್ಲ ಅಂದರೆ ಹುಡುಕೋ ಜಾಗ ಎರಡೇ.

ಒತ್ತಡ ನೋಡೋದು ಹೀಗೆ: ಡಿಕಂಪ್ರೆಶನ್ ಲಿವರ್ (ಸಿಲಿಂಡರಿನ ಒತ್ತಡ ಬಿಡಿಸೋದು) ಎತ್ತದೆ ಹ್ಯಾಂಡಲ್ ನಿಧಾನ ತಿರುಗಿಸಿ. ಸ್ಪ್ರಿಂಗ್ ಒತ್ತಿದ ಹಾಗೆ ಹಿಂದಕ್ಕೆ ತಳ್ಳಬೇಕು. ತಳ್ಳದೆ ಜಾರಿದರೆ "ಸ್ಸ್" ದನಿ ಎಲ್ಲಿಂದ ಅಂತ ಕೇಳಿ. ಆಯಿಲ್ ಹಾಕೋ ಬಾಯಲ್ಲಿ ಕೇಳಿದರೆ ರಿಂಗ್. ಸೈಲೆನ್ಸರಿನಲ್ಲಿ ಕೇಳಿದರೆ ಎಗ್ಸಾಸ್ಟ್ ವಾಲ್ವ್. ಏರ್ ಫಿಲ್ಟರಿನಲ್ಲಿ ಕೇಳಿದರೆ ಇನ್ಲೆಟ್. ಅದಕ್ಕೂ ಮೊದಲು ಟ್ಯಾಪೆಟ್ ಸಂದು, ಅಂದರೆ ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಸಂದು ನೋಡಿ. ಬಿಗಿಯಾಗಿದ್ದರೂ ವಾಲ್ವ್ ಪೂರ್ತಿ ಕೂರಲ್ಲ. 178 ಎಫ್‌ನಲ್ಲಿ ತಣ್ಣಗಿದ್ದಾಗ 0.15 ಮಿಮೀ.

ಡೀಸೆಲ್ ನೋಡೋದು: ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿದರೆ ನಾಜಲ್ "ಕ್ರಕ್, ಕ್ರಕ್" ಅಂತ ಕೂಗಬೇಕು. ಕೂಗದಿದ್ದರೆ ಗಾಳಿ ಹಿಡಿದಿದೆ, ಇಲ್ಲ ನಾಜಲ್ ಸೋರ್ತಿದೆ.

ನಾಲೆಬದಿ, ಪಾಂಡವಪುರ

ಗಾಳಿ ಬಿಡಿಸೋದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಿ ಅಣ್ಣ. ಟ್ಯಾಂಕ್ ಖಾಲಿಯಾದ ಪ್ರತಿ ಸಲ ಮೆಕ್ಯಾನಿಕ್ ಕರೆಸೋ ಹಾಗಾಗಬಾರದು.

ಬಿಳಿಹೊಗೆ, ಮದ್ದೂರು

10, 14, 17ರ ಸ್ಪ್ಯಾನರ್, ಒಂದು ಬಟ್ಟೆ ಸಾಕು.

ಟ್ಯಾಂಕ್ ಅರ್ಧಕ್ಕಿಂತ ಮೇಲೆ ತುಂಬಿಸಿ. ಕಾಕ್ ತೆರೆದು ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಹರೀತಿರುವಾಗಲೇ ಬಿಗಿ ಮಾಡಬೇಕು, ನಿಂತ ಮೇಲೆ ಅಲ್ಲ. ಆಮೇಲೆ ಡೀಸೆಲ್ ಪಂಪಿನ ಮೈಮೇಲಿನ ಸ್ಕ್ರೂಗೂ ಹಾಗೇ. ಕೊನೆಗೆ ನಾಜಲ್ ತುದಿಯ ಹೈಪ್ರೆಶರ್ ಪೈಪಿನ ನಟ್ ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಕೊಟ್ಟು, ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿ. ಹತ್ತು ಹದಿನೈದು ಸುತ್ತಿಗೆ ನಟ್ ಸಂದಿಯಿಂದ ಡೀಸೆಲ್ ಚಿಮ್ಮಿ ಚಿಮ್ಮಿ ಬರುತ್ತೆ. ಬಿಗಿ ಮಾಡಿ, ಇನ್ನೆರಡು ಸುತ್ತು ತಿರುಗಿಸಿ. ನಾಜಲ್ ಕೂಗಿದರೆ ಮುಗೀತು.

ಎರಡು ಎಚ್ಚರಿಕೆ. ಸ್ಕ್ರೂ ಕೆಳಗಿನ ತಾಮ್ರದ ವಾಷರ್ ಹಳೇದಾದರೆ ಎಷ್ಟು ಸಲ ಬಿಡಿಸಿದರೂ ಮತ್ತೆ ಗಾಳಿ ಎಳೆಯುತ್ತೆ. ಹೊಸದು ಹಾಕಿ, ಇಲ್ಲ ಹಳೇದನ್ನ ಕೆಂಪಗೆ ಕಾಯಿಸಿ ನೀರಿಗದ್ದಿ ಮೆದು ಮಾಡಿ. ಇನ್ನೊಂದು, ನಾಜಲ್ ಬಿಚ್ಚಿ ಸ್ಪ್ರೇ ನೋಡುವಾಗ ಕೈ ಅಡ್ಡ ಇಡಲೇಬೇಡಿ. ಅದು ಸುಮಾರು 200 ಕೆಜಿ ಒತ್ತಡದಲ್ಲಿ ತೆರೆಯೋದು, ಚರ್ಮ ತೂರಿ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದ ಗುರುತು ಮಾತ್ರ ಕಾಣುತ್ತೆ, ಒಳಗೆ ಬೆರಳು ಕೊಳೆಯುತ್ತೆ. ಹಾಗಾದರೆ ನೋವಿಲ್ಲದಿದ್ದರೂ ಆ ಕ್ಷಣವೇ ಆಸ್ಪತ್ರೆ.

ಗಾಣದಮನೆ, ಮಂಡ್ಯ

ಹ್ಯಾಂಡಲ್ ಹಿಡಿಯೋದೂ ಹೇಳ್ಬುಡಿ. ಎಬ್ಬೆಟ್ಟು ಬೇರೆ ನಾಲ್ಕು ಬೆರಳ ಜೊತೇಲೇ ಒಂದೇ ಕಡೆ ಇರಬೇಕು, ಸುತ್ತಿ ಹಿಡೀಬಾರ್ದು. ಇಂಜಿನ್ ಇಂದಕ್ಕೆ ಒಡೆದ್ರೆ ಹ್ಯಾಂಡಲ್ ಕೈಯಿಂದ ಜಾರಿ ಓಗ್ಬೇಕು, ಎಬ್ಬೆಟ್ಟ ತಕ್ಕೊಂಡು ಅಲ್ಲ.

ಕೆಸರುಗದ್ದೆ, ತಿ. ನರಸೀಪುರ

ಟೈಮಿಂಗ್ (ಡೀಸೆಲ್ ಬೀಳೋ ಹೊತ್ತು) ಮುಂದಿದ್ದರೆ ಹಿಂದಕ್ಕೆ ಹೊಡೆಯೋದು ಜಾಸ್ತಿ. ಡೀಸೆಲ್ ಪಂಪ್ ಬಿಚ್ಚಿ ಕೂರಿಸುವಾಗ ಅಡಿಯ ಶಿಮ್ (ತೆಳು ತಗಡು) ಕಳೆದುಹಾಕಿದರೆ ಹೀಗಾಗುತ್ತೆ. ಶಿಮ್ ತೆಗೆದರೆ ಟೈಮಿಂಗ್ ಮುಂದಕ್ಕೆ, ಸೇರಿಸಿದರೆ ಹಿಂದಕ್ಕೆ.

ಟ್ಯಾಪೆಟ್, ಮೈಸೂರು

ಅದನ್ನ ಅಳೆಯೋದು ಕಷ್ಟ ಏನಲ್ಲ. ಕಿರ್ಲೋಸ್ಕರ್ ಟಿವಿ1ನಲ್ಲಿ (87.5 ಮಿಮೀ ಬೋರ್, 661 ಸಿಸಿ) ಡೀಸೆಲ್ ಬೀಳಬೇಕಾದ್ದು ಪಿಸ್ಟನ್ ತುದಿ ಮುಟ್ಟೋಕೆ 23 ಡಿಗ್ರಿ ಮೊದಲು. ಹೈಪ್ರೆಶರ್ ಪೈಪ್ ಬಿಚ್ಚಿ, ಪಂಪಿನ ಬಾಯಲ್ಲಿ ಡೀಸೆಲ್ ತುಂಬಿ ನಿಂತಿರೋ ಹಾಗೆ ಮಾಡಿ, ಫ್ಲೈವೀಲನ್ನ ಓಡುವ ದಿಕ್ಕಿಗೇ ತೀರಾ ನಿಧಾನ ತಿರುಗಿಸಿ. ಬಾಯಲ್ಲಿನ ಡೀಸೆಲ್ ಮೊದಲ ಸಲ ಅಲುಗಿದ ತಕ್ಷಣ ನಿಲ್ಲಿಸಿ, ಫ್ಲೈವೀಲಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಆ ಗುರುತಿಗೂ ಟಿಡಿಸಿ (ಪಿಸ್ಟನ್ ತುದಿ ಮುಟ್ಟೋ ಜಾಗ) ಗುರುತಿಗೂ ಎಷ್ಟು ದೂರ? ಫ್ಲೈವೀಲ್ ಸುತ್ತಳತೆಯನ್ನ ದಾರದಲ್ಲಿ ಅಳೆದು 360ರಿಂದ ಭಾಗಿಸಿ 23ರಿಂದ ಗುಣಿಸಿ. ಸುತ್ತಳತೆ 1260 ಮಿಮೀ ಇದ್ದರೆ ಸುಮಾರು 80 ಮಿಮೀ ಬರಬೇಕು. ಬೇರೆ ಇಂಜಿನ್‌ಗೆ ಡಿಗ್ರಿ ಬೇರೆ, ಅದರ ಪುಸ್ತಕ ನೋಡಿ.

ರಿಂಗ್‌ರೋಡ್, ಮೈಸೂರು

ಗಾಡಿ ವಿಷಯಕ್ಕೂ ಬನ್ನಿ ಸ್ವಾಮಿ. 1248 ಸಿಸಿ ಡೀಸೆಲ್ ಇಂಜಿನ್ ಸ್ವಿಫ್ಟ್‌ನಲ್ಲಿ 2000 ಆರ್‌ಪಿಎಂನಲ್ಲೇ 190 ನ್ಯೂಟನ್ ಮೀಟರ್ ಕೊಡ್ತಿತ್ತು. ಅದೇ ಕಾರಿನ 1.2 ಪೆಟ್ರೋಲ್ 4000ದಲ್ಲಿ 115 ಹತ್ತಿರ. ಐದು ಜನ, ಎಸಿ, ಚಾಮುಂಡಿ ಬೆಟ್ಟದ ತಿರುವು ಅಂದಾಗ ಗೇರ್ ಇಳಿಸದೆ ಹತ್ತೋದು ಯಾರು ಅಂತ ಹೇಳಬೇಕಿಲ್ಲ. ಆದರೆ ಮಾರುತಿಯೇ 2020ರ ಏಪ್ರಿಲಿಗೆ ಡೀಸೆಲ್ ನಿಲ್ಲಿಸ್ತು. ಇವತ್ತು ಹೊಸ ಡೀಸೆಲ್ ಕಾರು ತಗೊಳ್ಳೋದು ಲಾಭವೋ ನಷ್ಟವೋ?

ಟ್ಯಾಪೆಟ್, ಮೈಸೂರು

ಲೆಕ್ಕ ಹಾಕಿ. ಪೆಟ್ರೋಲ್ ₹103 ಅಂತಿಟ್ಟುಕೊಳ್ಳಿ, ಮೈಲೇಜ್ 18: ಕಿಲೋಮೀಟರಿಗೆ ₹5.70. ಡೀಸೆಲ್ ₹91 ಅಂತಿಟ್ಟುಕೊಳ್ಳಿ, ಮೈಲೇಜ್ 23: ಹತ್ತಿರ ಹತ್ತಿರ ₹4. ಉಳಿತಾಯ ₹1.70. ಗಾಡಿ ಬೆಲೆಯಲ್ಲಿ ಒಂದೂಕಾಲು ಲಕ್ಷ ವ್ಯತ್ಯಾಸ ಇದ್ದರೆ ಅದು ವಾಪಸ್ ಬರೋಕೆ 73,000 ಕಿಮೀ ಓಡಬೇಕು. ವರ್ಷಕ್ಕೆ ಹತ್ತು ಸಾವಿರ ಓಡಿಸೋರಿಗೆ ಏಳು ವರ್ಷ ದಾಟಿತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಹೊರಬರೋ ಮೊದಲು ಅಂತರ ದೊಡ್ಡದಿತ್ತು, ಆಗಿನ ಲೆಕ್ಕ ಈಗ ನಡೆಯಲ್ಲ.

ಅದಕ್ಕಿಂತ ಮುಖ್ಯ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಗಳ ಡಿಪಿಎಫ್, ಅಂದರೆ ಮಸಿ ಹಿಡಿಯೋ ಜರಡಿ. ಅದರಲ್ಲಿ ತುಂಬಿದ ಮಸಿ ಸುಟ್ಟುಹೋಗೋಕೆ ಒಳಗೆ 550ರಿಂದ 600 ಡಿಗ್ರಿ ಬೇಕು. ಸರಸ್ವತಿಪುರಂನಿಂದ ದೇವರಾಜ ಮಾರುಕಟ್ಟೆಗೆ, ಅಲ್ಲಿಂದ ಮನೆಗೆ ಅಂತ ಓಡಿಸಿದರೆ ಅದು ಯಾವತ್ತೂ ಅಷ್ಟು ಬಿಸಿಯಾಗಲ್ಲ. ಮೀಟರ್ ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದ ಮೇಲೆ ಬೆಂಗಳೂರು ಹೆದ್ದಾರಿಗೆ ಹತ್ತಿ, 60, 70ರ ವೇಗದಲ್ಲಿ, ಒಂದು ಗೇರ್ ಕಮ್ಮಿಯಲ್ಲಿ, ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿ. ಮಧ್ಯದಲ್ಲಿ ಆಫ್ ಮಾಡಿದರೆ ಸುಡೋಕೆ ಅಂತ ಹೆಚ್ಚುವರಿ ಬಿದ್ದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್‌ಗೆ ಸೇರುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರ್ತಾ ಬಂದರೆ ಖುಷಿಪಡಬೇಡಿ, ಅದು ಇದೇ. ಊರೊಳಗೇ ಓಡಾಡೋರಿಗೆ ಪೆಟ್ರೋಲೇ ಸರಿ, ಡೀಸೆಲ್ ಪ್ರೇಮಿಯಾಗಿಯೇ ಹೇಳ್ತಿದ್ದೀನಿ.

ಕಾವೇರಿಸೀಮೆ, ಶ್ರೀರಂಗಪಟ್ಟಣ

ಹೊಗೆ ವಿಷಯ ಬಂದಿದ್ದಕ್ಕೆ: ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಹಾಲಿನ ಗಾಣದಲ್ಲಿ ಸೈಲೆನ್ಸರ್ ಬಾಯಿ ಕಬ್ಬು ಕೊಡೋರ ಮುಖದ ಮಟ್ಟಕ್ಕೇ ಇರುತ್ತೆ, ಲೋಟಗಳೂ ಪಕ್ಕದಲ್ಲೇ. ಒಂದು ಎಂಟಡಿ ಪೈಪ್ ಮೇಲಕ್ಕೆ ಏರಿಸೋಕೆ ಎಷ್ಟು ಖರ್ಚು?

ಗಾಣದಮನೆ, ಮಂಡ್ಯ

ಒಪ್ಪಿದೆ ಅಕ್ಕ. ಪೈಪ್ ಮಾತ್ರ ಸೈಲೆನ್ಸರಿಗಿಂತ ಸಣ್ಣದು ಹಾಕ್ಬಾರ್ದು, ಹೊಗೆ ಕಟ್ಕೊಂಡು ಇಂಜಿನ್ ದಮ್ ಓಗ್ತದೆ. ತುದಿಗೆ ಮಳೆ ನೀರು ಇಳೀದಂಗೆ ಒಂದು ತಗಡಿನ ಟೋಪಿ.

ಛತ್ರದಜನರೇಟರ್, ಮೈಸೂರು

ಜನರೇಟರ್ ಇಟ್ಟವರಿಗೆ ಒಂದು ಮಾತು. ದೊಡ್ಡದಿದ್ದರೆ ಒಳ್ಳೇದು ಅಂತ 25 ಕೆವಿಎ ತಂದು ನಾಲ್ಕು ಫ್ಯಾನು, ಹತ್ತು ಬಲ್ಬು ಉರಿಸಬೇಡಿ. 30 ಪರ್ಸೆಂಟಿಗಿಂತ ಕಡಿಮೆ ಲೋಡಲ್ಲಿ ಗಂಟೆಗಟ್ಟಲೆ ಓಡಿದರೆ ಸೈಲೆನ್ಸರ್ ಜಾಯಿಂಟಿನಿಂದ ಕರಿ ಅಂಟು ಸೋರುತ್ತೆ. ಅದು ಆಯಿಲ್ ಅಲ್ಲ, ಅರೆ ಉರಿದ ಡೀಸೆಲ್ ಮತ್ತು ಮಸಿ. 60ರಿಂದ 80 ಪರ್ಸೆಂಟ್ ಲೋಡ್ ಇಂಜಿನ್‌ಗೆ ಹಿತ. ಹಾಗೆ ಅಂಟು ಹಿಡಿದಿದ್ದರೆ ಹೀಟರ್, ಮೋಟರ್ ಏನಾದರೂ ಹಾಕಿ ಒಂದೆರಡು ಗಂಟೆ ಗಟ್ಟಿ ಲೋಡ್ ಕೊಡಿ, ಸುಟ್ಟುಹೋಗುತ್ತೆ.

ಹಳ್ಳಿಹೈದ, ಕೆ.ಆರ್. ಪೇಟೆ

ಹೊಂಗೆ ಎಣ್ಣೆ ಹಾಕಿ ಓಡಿಸಬಹುದು ಅಂತಾರೆ, ನಿಜವಾ ಗುರು?

ಟ್ಯಾಪೆಟ್, ಮೈಸೂರು

ಓಡುತ್ತೆ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಒಂದು ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿದೆ. ಆದರೆ ಗಾಣದಿಂದ ಬಂದ ಹಸಿ ಹೊಂಗೆ ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ. ಸಿಂಪಡಣೆ ಮಂಜಿನ ಹಾಗೆ ಬರದೆ ಹನಿ ಹನಿ ಬೀಳುತ್ತೆ, ನಾಜಲ್ ತುದಿಗೆ ಮಸಿ ಕಟ್ಟುತ್ತೆ, ರಿಂಗ್ ಅಂಟುತ್ತೆ. ಬಯೋಡೀಸೆಲ್ ಮಾಡಿಸಿ ಬೆರೆಸಿದರೆ ಬೇರೆ ಮಾತು. ಸೀಮೆಎಣ್ಣೆ ಬೆರೆಸೋದಂತೂ ಬೇಡವೇ ಬೇಡ. ಡೀಸೆಲ್ ಪಂಪಿನೊಳಗೆ ಆಡೋ ಪ್ಲಂಜರ್‌ಗೆ ಡೀಸೆಲ್ಲೇ ಜಿಡ್ಡು, ಅದು ತೆಳುವಾದರೆ ಪ್ಲಂಜರ್ ಸವೆದು, ಬಿಸಿ ಇಂಜಿನ್ ಮತ್ತೆ ಸ್ಟಾರ್ಟೇ ಆಗಲ್ಲ.

ಬಿಳಿಹೊಗೆ, ಮದ್ದೂರು

ಎಣ್ಣೆ ಮಾತು ಬಂತಲ್ಲ, ಆಯಿಲ್‌ಬಾತ್ ಏರ್ ಕ್ಲೀನರ್ (ಆಯಿಲ್ ಮೂಲಕ ಗಾಳಿ ಸೋಸೋದು) ಇರೋರು ಗುರುತಿಗಿಂತ ಮೇಲೆ ಆಯಿಲ್ ಹಾಕಬೇಡಿ. ಇಂಜಿನ್ ಅದನ್ನೇ ಎಳೆದುಕೊಂಡು ಉರಿಸೋಕೆ ಶುರು ಮಾಡಿದರೆ ಡೀಸೆಲ್ ಕಾಕ್ ಮುಚ್ಚಿದರೂ ನಿಲ್ಲಲ್ಲ. ವೇಗ ಏರುತ್ತಲೇ ಹೋಗುತ್ತೆ, ನೀಲಿ ಹೊಗೆ ಕವಿಯುತ್ತೆ. ಆಗ ಮಾಡಬೇಕಾದ್ದು ಗಾಳಿ ಮುಚ್ಚೋದು. ದಪ್ಪ ಹಲಗೆ ತಂದು ಇನ್ಲೆಟ್ ಬಾಯಿಗೆ ಪಕ್ಕದಿಂದ ಒತ್ತಿ. ಕೈ ಬೇಡ, ತೆಳು ಬಟ್ಟೆ ಬೇಡ, ಎಳೆದುಕೊಳ್ಳುತ್ತೆ. ಫ್ಲೈವೀಲಿನ ನೇರಕ್ಕೆ ಯಾರೂ ನಿಲ್ಲಬಾರದು. ಹಲಗೆ ಸಿಗದಿದ್ದರೆ ದೂರ ಓಡಿ, ಇಂಜಿನ್ ಹೋದರೆ ಹೋಗಲಿ.

ನಾಲೆಬದಿ, ಪಾಂಡವಪುರ

1500ರ ನೀರು ತಂಪಿನ 5 ಎಚ್‌ಪಿಯನ್ನೇ ನೋಡ್ತೀನಿ, ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿದೆ. ಮಾರೋರು ಹೇಳೋದು: "ಚೆನ್ನಾಗಿ ಸ್ಟಾರ್ಟ್ ಆಗುತ್ತೆ, ಇಪ್ಪತ್ತು ನಿಮಿಷ ಓಡಿ ತಾನೇ ನಿಲ್ಲುತ್ತೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತೆ." ಅದಕ್ಕೇ ಬೆಲೆ ಇಳಿಸಿದ್ದಾರೆ. ರಿಂಗ್, ಲೈನರ್ ಕೆಲಸ ಇರಬಹುದಾ?

ಬಿಳಿಹೊಗೆ, ಮದ್ದೂರು

ರಿಂಗ್ ಹೋಗಿದ್ದರೆ ತಣ್ಣಗಿದ್ದಾಗಲೇ ಸ್ಟಾರ್ಟ್ ಆಗೋಕೆ ಒದ್ದಾಡ್ತಿತ್ತು. ನಿಲ್ಲೋ ಮೊದಲು ದನಿ ಹೇಗೆ ಅಂತ ಕೇಳಿ. ಬಿಗಿ ಹಿಡಿದ ಹಾಗೆ ತಟ್ಟನೆ ನಿಂತರೆ ಪಿಸ್ಟನ್ ಹಿಡೀತಿದೆ, ಬಿಟ್ಟುಬಿಡಿ. ಹಸಿದವರ ಹಾಗೆ ಏಳ್ತಾ ಬೀಳ್ತಾ ನಿಧಾನಕ್ಕೆ ಸತ್ತರೆ ಡೀಸೆಲ್ ಸಿಕ್ತಿಲ್ಲ ಅಂತ ಅರ್ಥ.

ಗಾಣದಮನೆ, ಮಂಡ್ಯ

ಎರಡನೇದಾದ್ರೆ ಮೊದ್ಲು ಟ್ಯಾಂಕ್ ಮುಚ್ಚಳದ ತೂತು ನೋಡಿ ಕಣಪ್ಪ. ಮೂಲೇಲಿ ಇಟ್ಟ ಇಂಜಿನ್‌ಗಳಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿರ್ತದೆ. ಗಾಳಿ ಒಳಕ್ಕೋಗಲ್ಲ, ಡೀಸೆಲ್ ಈಚೆಗಿಳಿಯಲ್ಲ. ನಿಂತ ತಕ್ಷಣ ಮುಚ್ಚಳ ತಿರುಗಿಸಿ, "ಉಸ್" ಅಂದ್ರೆ ಅದೇ. ಒಂದು ಸೂಜಿ ಹಾಕಿ ಚುಚ್ಚಿ, ಫಿಲ್ಟರ್ ಒಂದು ಬದಲಾಯಿಸಿ. ಮುಚ್ಚಳ ಬಿಚ್ಚೋದು ದುಡ್ಡು ಕೊಟ್ಟ ಮೇಲೆ.